ಹಗೇವಿನ ಕತ್ತಲಲ್ಲಿ ಕಲ್ಲತ್ತಿಗಿರಿ

ಹಗೇವು ತೆರೆದಾಗ ಬರುವ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಸಾಯುವವರೆಗೂ ಹೋಗುವುದಿಲ್ಲ. ರಾಗಿಯ ಸಿಹಿ, ಹಳೇ ಹುಲ್ಲಿನ ಮುಗ್ಗಲು, ನೆಲದಾಳದ ಮಣ್ಣಿನ ತಂಪು ಮೂರೂ ಸೇರಿಕೊಂಡು ಮೇಲೆ ಬರುತ್ತವೆ. ಕಳೆದ ತಿಂಗಳು ಅಜ್ಜಂಪುರದ ಶಾಲೆಯವರ ಗುಂಪುಚಿತ್ರ ತೆಗೆಯಲು ಹೋಗಿದ್ದೆ. ರೈಲಿಳಿದು ಊರೊಳಗೆ ನಡೆಯುವಾಗ ಯಾವುದೋ ಹಿತ್ತಿಲ ಕಡೆಯಿಂದ ಆ ವಾಸನೆ ಬಂತು. ಐವತ್ತು ದಾಟಿದ ಮನುಷ್ಯ, ಕೈಯಲ್ಲಿ ಕ್ಯಾಮೆರಾ ಪೆಟ್ಟಿಗೆ ಹಿಡಿದವನು ಬೀದಿಯ ನಡುವೆ ನಿಂತುಬಿಟ್ಟೆ. ಸಾಮಾನು ಹೊತ್ತಿದ್ದ ಕೂಲಿಯವನು ತಲೆ ಸುತ್ತು ಬಂತೇ ಎಂದು ಕೇಳಿದ. ತಲೆ ಸುತ್ತಿ ಬೀಳಬೇಕಾಗಿದ್ದದ್ದು ಇಪ್ಪತ್ತೇಳು ವರ್ಷದ ಹಿಂದೆ, ಇದೇ ಊರಿನಲ್ಲಿ. ಬೀಳಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಪೇಟೆಯ ಗೆಳೆಯರಿಗೆ ಹಗೇವು ಎಂದರೇನೆಂದು ಬಿಡಿಸಿ ಹೇಳಬೇಕಾಗುತ್ತದೆ. ನೆಲದಲ್ಲಿ ಹೂತಿಟ್ಟ ಭಾರೀ ಗುಡಾಣವೊಂದನ್ನು ನೆನೆಸಿಕೊಳ್ಳಿ. ಬಾಯಿ ಒಬ್ಬ ಮನುಷ್ಯ ಮೈ ಹಿಡಿಮಾಡಿಕೊಂಡು ಇಳಿಯುವಷ್ಟು. ಹೊಟ್ಟೆ ಮಾತ್ರ ನಾಲ್ಕು ಜನ ಸುತ್ತ ಕೂತು ಉಣ್ಣುವಷ್ಟು. ತಳಕ್ಕೂ ಪಕ್ಕಕ್ಕೂ ಒಣಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಅಂಥ ಒಂದು ಖಾಲಿ ಹಗೇವು ಆ ವರ್ಷ ನನ್ನ ಕತ್ತಲೆ ಕೋಣೆಯಾಗಿತ್ತು. ಚಿತ್ರ ತೊಳೆಯುವವರು ಏನೇನೋ ಜಾಗದಲ್ಲಿ ತೊಳೆದಿದ್ದಾರೆ, ಆದರೆ ರಾಗಿ ಗುಂಡಿಯಲ್ಲಿ ತೊಳೆದವನು ನಾನೊಬ್ಬನೇ ಇರಬೇಕು.

ಆಗ ನನಗೆ ಇಪ್ಪತ್ತನಾಲ್ಕು. ಮೈಸೂರಿನಲ್ಲಿ ಸೋದರಮಾವನ ಸ್ಟುಡಿಯೋದಲ್ಲಿ ಕೆಲಸ. ಅಲ್ಲಿ ಒಂದು ಪರದೆ, ಪರದೆಯ ಮೇಲೆ ಬಣ್ಣದಲ್ಲಿ ಬರೆದ ಬೆಟ್ಟ, ಬೆಟ್ಟದಿಂದ ಬೀಳುವ ನೀರು. ಅದರ ಮುಂದೆ ಮದುಮಕ್ಕಳನ್ನು ಕೂರಿಸಿ ಕೂರಿಸಿ ನನಗೆ ಸಾಕಾಗಿತ್ತು. ನಿಜವಾದ ಬೆಟ್ಟ ತೆಗೆಯುತ್ತೇನೆ ಎಂದು ಒಂದು ದಿನ ಜಗಳವಾಡಿದೆ. ಬೆಟ್ಟವೇನು ಮದುವೆಯಾಗುತ್ತದೆಯೇನೋ, ನಿನ್ನ ಕೈಯಲ್ಲಿ ಪಟ ತೆಗೆಸಿಕೊಳ್ಳೋಕೆ, ಎಂದು ಮಾವ ನಕ್ಕ. ಆ ನಗು ಸಹಿಸಲಾರದೆ ಹೊರಬಿದ್ದೆ. ಅದೃಷ್ಟಕ್ಕೆ ಸರ್ಕಾರಿ ಕಚೇರಿಯೊಂದರಲ್ಲಿ ಹಂಗಾಮಿ ಕೆಲಸ ಸಿಕ್ಕಿತು. ಅರಮನೆಯ ಅತಿಥಿಗಳಿಗೆ ತೋರಿಸುವ ಆಲ್ಬಮ್ಮಿಗೆ ಕಡೂರು ಸೀಮೆಯ ಬೆಟ್ಟ, ಕೆರೆ, ಜಲಪಾತಗಳ ಹನ್ನೆರಡು ದೃಶ್ಯ ಬೇಕಿತ್ತು. ಅಧಿಕಾರಿ ಮಾತು ಕಡಿಮೆಯ ಮನುಷ್ಯ. ಹನ್ನೆರಡೆಂದರೆ ಹನ್ನೆರಡು, ಕಲ್ಲತ್ತಿಗಿರಿ ಜಲಪಾತದಲ್ಲಿ ತುಂಬಿದ ನೀರು ಕಾಣಬೇಕು, ನವರಾತ್ರಿಗೆ ಮುಂಚೆ ಕೈಸೇರಬೇಕು ಎಂದರು. ಒಪ್ಪಿಗೆಯಾದರೆ ಕೆಲಸ ಕಾಯಂ. ಇಲ್ಲವಾದರೆ ಮತ್ತೆ ಮಾವನ ಪರದೆ, ಮಾವನ ನಗು.

ಚೈತ್ರದಲ್ಲಿ ತರೀಕೆರೆಗೆ ಬಂದಿಳಿದೆ. ಆಗಿನ ಚಿತ್ರವೆಂದರೆ ಗಾಜಿನ ಪ್ಲೇಟು. ಗಾಜಿನ ಒಂದು ಮೈಗೆ ತೆಳ್ಳಗೆ ಲೇಪ ಬಳಿದಿರುತ್ತದೆ. ಬೆಳಕು ಕಂಡ ಆ ಲೇಪವನ್ನು ಕತ್ತಲಲ್ಲಿ, ಕೆಂಪು ಲಾಂದ್ರದ ಮುಂದೆ, ಔಷಧದ ನೀರಿನಲ್ಲಿ ಅದ್ದಿದರೆ ಚಿತ್ರ ಮೂಡುತ್ತದೆ. ಕತ್ತಲೆಗೇನು, ಕಂಬಳಿ ಕಟ್ಟಿದರೆ ಆಯಿತು. ತಂಪು ನೀರು ಎಲ್ಲಿಂದ ತರುವುದು? ಮುಸಾಫರಖಾನೆಯ ಬಚ್ಚಲಿನಲ್ಲಿ ಮೊದಲ ನಾಲ್ಕು ಪ್ಲೇಟು ಅದ್ದಿದೆ. ಬಿಸಿಲಿಗೆ ನೀರು ಎಷ್ಟು ಕಾದಿತ್ತೆಂದರೆ, ಚಿತ್ರ ಮೂಡುತ್ತಿದ್ದ ಹಾಗೇ ಲೇಪ ಹಾಲಿನ ಕೆನೆಯಂತೆ ಜಾರಿ ತಟ್ಟೆಯ ತಳಕ್ಕೆ ಹೋಯಿತು. ಬಾಬಾಬುಡನ್ ಬೆಟ್ಟದ ಸಾಲು ಮುದ್ದೆಯಾಗಿ ನನ್ನ ಬೆರಳಿಗೆ ಅಂಟಿಕೊಂಡಿತು. ಕೈಯಲ್ಲಿದ್ದ ಪ್ಲೇಟುಗಳೇ ಎಣಿಸಿ ಇಪ್ಪತ್ತು. ಹೀಗೆ ಕರಗಿಸುತ್ತಾ ಹೋದರೆ ಮಾವನಿಗೆ ನಗಲು ನಾನೇ ಹೋಗಿ ನಿಲ್ಲಬೇಕಾಗುತ್ತಿತ್ತು.

ಬಯಲಿನಿಂದ ಬೆಟ್ಟಸಾಲು ತೆಗೆಯಲು ಅಜ್ಜಂಪುರಕ್ಕೆ ಹೋದಾಗ ಶಾನುಭೋಗರು ನನ್ನನ್ನು ಈರವ್ವನ ಮನೆಗೆ ಕಳಿಸಿದರು. ಈರವ್ವ ಗಂಡನಿಲ್ಲದ ಗೌಡ್ತಿ, ನಲವತ್ತೈದರ ಆಸುಪಾಸು, ಹಣೆತುಂಬ ವಿಭೂತಿ. ಹೊಲ, ತೆಂಗಿನ ತೋಟ, ಎತ್ತು, ಆಳು ಎಲ್ಲವನ್ನೂ ಜಗಲಿಯ ಮೇಲೆ ಕೂತೇ ನಡೆಸುವವಳು. ಮಗ ಮರುಳಪ್ಪ ನನ್ನ ವಾರಗೆಯವನು, ತಾಯಿಯ ಮುಂದೆ ಬಾಯಿ ತೆರೆಯದ ಗಟ್ಟಿ ಆಳು. ಕರಗಿದ ಬೆಟ್ಟದ ಕಥೆಯನ್ನು ನಾನು ಊಟಕ್ಕೆ ಕೂತಾಗ ಹೇಳಿದೆ. ಈರವ್ವ ಪೂರ್ತಿ ಕೇಳಿಸಿಕೊಂಡು, ನಿನಗೆ ಬೇಕಾದ್ದು ಕತ್ತಲೂ ತಂಪೂ ತಾನೇ ಎಂದಳು. ಹಿತ್ತಿಲಿಗೆ ಕರೆದುಕೊಂಡು ಹೋಗಿ ಖಾಲಿ ಹಗೇವಿನ ಚಪ್ಪಡಿ ತೆಗೆಸಿದಳು. ಮೇಲೆ ಬಿಸಿಲು ಬೆಂಕಿ ಕಾರುತ್ತಿತ್ತು, ಒಳಗೆ ಕೈ ಇಳಿಬಿಟ್ಟರೆ ಮಾಘದ ಬೆಳಗು.

ಬಾಡಿಗೆ ಏನು ಕೊಡಲಿ ಎಂದು ಕೇಳಿದ್ದಕ್ಕೆ ಆಕೆ ಬೇಸರಪಟ್ಟುಕೊಂಡಳು. ಕಲ್ಲತ್ತಿಗಿರಿಯ ವೀರಭದ್ರ ಅವರ ಮನೆದೇವರು. ನೀರು ಬೀಳುವ ಬಂಡೆಯ ಮಗ್ಗುಲಲ್ಲೇ ಗುಡಿ. ಮದುವೆಯಾದ ಹೊಸದರಲ್ಲಿ ಗಾಡಿ ಕಟ್ಟಿಸಿಕೊಂಡು ಹೋದವಳು ಆಮೇಲೆ ಹೋಗಿರಲಿಲ್ಲ. ಹೊಲ ಬಿಟ್ಟು ಹೋಗುವುದು ಹೇಗೆ?

"ಬಾಡಿಗೆ ಗೀಡಿಗೆ ಬ್ಯಾಡ ಕಣಪ್ಪ. ಆ ಸ್ವಾಮಿ ನೀರು ಬೀಳ್ತೈತಲ್ಲ, ಅದ್ರ ಪಟ ನಂಗೊಂದು ಕೊಡು. ಗೂಡಲ್ಲಿಟ್ಕೊಂಡು ಕೈ ಮುಗೀತೀನಿ" ಎಂದಳು.

ಬಾಡಿಗೆ ಬೇಡವೆಂದರೂ ಆಕೆಯ ಕಟ್ಟಳೆಗಳು ಮೂರಿದ್ದವು. ಇಳಿಯುವ ಮುಂಚೆ ಹಗ್ಗಕ್ಕೆ ಬುಡ್ಡಿದೀಪ ಕಟ್ಟಿ ತಳ ಮುಟ್ಟುವವರೆಗೂ ಬಿಡಬೇಕು, ದೀಪ ನಂದಿದರೆ ಆ ದಿನ ಇಳಿಯುವ ಹಾಗಿಲ್ಲ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಅದಕ್ಕೆ ಬಣ್ಣವಿಲ್ಲ, ಬಹಳ ಸಲ ವಾಸನೆಯೂ ಇಲ್ಲ, ದೀಪಕ್ಕೆ ಮಾತ್ರ ಗೊತ್ತಾಗುತ್ತದೆ. ಎರಡನೆಯದು, ಒಳಗಿರುವವನ ದನಿ ಮೇಲಿನವರಿಗೆ ಕೇಳುತ್ತಲೇ ಇರಬೇಕು. ಮೂರನೆಯದು, ಒಳಗೆ ಒಂದು ತೊಟ್ಟು ನೀರು ಚೆಲ್ಲಬಾರದು, ಬಳಸಿದ ನೀರೆಲ್ಲ ಕೊಡದಲ್ಲಿ ಮೇಲೆ ಬರಬೇಕು. ಮೊದಲೆರಡಕ್ಕೆ ಕಾರಣ ಹೇಳಿದಳು. ಮೂರನೆಯದಕ್ಕೆ ಹೇಳಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯವೆಂದು ತಿಳಿದಿದ್ದಳು. ಮೈಸೂರಿನವನಿಗೆ ಗೊತ್ತಿರಲಿಲ್ಲ.

ಮುಂದಿನ ಆರೇಳು ವಾರ ನನ್ನ ಜೀವನದ ಸೊಗಸಾದ ದಿನಗಳು. ಮರುಳಪ್ಪನ ಗಾಡಿಯಲ್ಲಿ ಮೂರು ದಿನಕ್ಕೋ ನಾಲ್ಕು ದಿನಕ್ಕೋ ಸುತ್ತಾಟ. ಅಯ್ಯನಕೆರೆ, ಮದಗದ ಕೆರೆ, ಲಿಂಗದಹಳ್ಳಿಯ ಕಡೆಯಿಂದ ಕಾಣುವ ಬೆಟ್ಟದ ಹೆಗಲು, ಬೆಳಗಿನ ಮಂಜಿನಲ್ಲಿ ಮುಳುಗಿ ನೆತ್ತಿ ಮಾತ್ರ ತೋರುವ ಶಿಖರಗಳು. ತೆಗೆದದ್ದನ್ನೆಲ್ಲ ಬೆಳಕು ತಾಗದ ಹಾಗೆ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದು ಹಗೇವಿಗೆ ಇಳಿಯುತ್ತಿದ್ದೆ. ಬಾಯಿಗೆ ಎರಡು ಪದರ ಕಂಬಳಿ ಹೊದಿಸಿ ಈರವ್ವ ಪಕ್ಕದಲ್ಲಿ ಕೂರುತ್ತಿದ್ದಳು, ಕೈಯಲ್ಲಿ ಕಡಲೆಕಾಯಿಯೋ ಹುಣಸೆಹಣ್ಣೋ ಏನಾದರೊಂದು ಬಿಡಿಸುತ್ತಾ. ಒಳಗೆ ಬೆತ್ತದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ನನ್ನ ತಟ್ಟೆಗಳು. ಕೆಂಪು ಗಾಜಿನ ಲಾಂದ್ರ ಕಾಲಬುಡದಲ್ಲಿ.

ದನಿ ಕೇಳುತ್ತಿರಬೇಕಲ್ಲ, ಮಾತಾಡುತ್ತಲೇ ಇದ್ದೆ. ಮೊದಲು ಗಟ್ಟಿಯಾಗಿ ಎಣಿಸುತ್ತಿದ್ದೆ, ಚಿತ್ರ ಮೂಡುವ ಹೊತ್ತನ್ನು ಎಣಿಸಿಯೇ ಅಳೆಯಬೇಕಾಗಿತ್ತು. ಎಣಿಕೆ ಇಲ್ಲದಾಗ ಮಾವನ ಜಗಳ ಹೇಳಿದೆ, ಅಮ್ಮ ತೀರಿಕೊಂಡದ್ದು ಹೇಳಿದೆ, ಎದುರುಮನೆಯ ಹುಡುಗಿಯ ಮೇಲೆ ಮನಸ್ಸಿರುವುದನ್ನೂ ಹೇಳಿಬಿಟ್ಟೆ. ಎದುರಿಗೆ ಮುಖವಿಲ್ಲದಿದ್ದರೆ ನಾಲಿಗೆಗೆ ನಾಚಿಕೆಯೂ ಇರುವುದಿಲ್ಲ. ನಾನು ಒಂದು ಗಳಿಗೆ ಸುಮ್ಮನಾದರೆ ಮೇಲಿಂದ "ಇದ್ದೀಯೇನಪ್ಪಾ?" ಎಂದು ಬರುತ್ತಿತ್ತು. "ಇದೀನವ್ವಾ" ಎನ್ನಬೇಕು. ದಿನಕ್ಕೆ ಇಪ್ಪತ್ತು ಸಲ ಇದೇ. ಕ್ರಮೇಣ ನನಗೆ ಅದು ಕಿರಿಕಿರಿಯಾಗತೊಡಗಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಇನ್ನೊಂದನ್ನೂ ಬರೆಯಬೇಕು. ಬಳಸಿದ ನೀರನ್ನು ಕೊಡದಲ್ಲಿ ತುಂಬಿ ಮೇಲೆ ಕಳಿಸುವುದು ಬೇಸರದ ಕೆಲಸ. ಕಂಬಳಿ ತೆಗೆಸಬೇಕು, ಹಗ್ಗ ಬಿಡಿಸಬೇಕು, ತುಳುಕದಂತೆ ಎತ್ತಬೇಕು. ಒಂದು ದಿನ ಅರ್ಧ ಕೊಡ ಹುಲ್ಲಿನ ಮೇಲೆ ಸುರಿದೆ. ಹುಲ್ಲು ಕುಡಿದುಬಿಟ್ಟಿತು, ಗುರುತೇ ಉಳಿಯಲಿಲ್ಲ. ಮಾರನೆಯ ದಿನ ಮತ್ತೆ ಸುರಿದೆ. ಈರವ್ವನ ಮುಂದೆ ಏನೂ ಅರಿಯದವನಂತೆ ಕೊಡದ ತಳದಲ್ಲೊಂದು ಲೋಟ ನೀರು ಉಳಿಸಿ ಕಳಿಸುತ್ತಿದ್ದೆ.

ರೋಹಿಣಿ ಮಳೆ ಶುರುವಾಗುವ ಹೊತ್ತಿಗೆ ಹನ್ನೊಂದು ದೃಶ್ಯ ಸಿದ್ಧವಾಗಿದ್ದವು. ಉಳಿದದ್ದು ಕಲ್ಲತ್ತಿಗಿರಿ ಒಂದೇ. ಬೇಸಿಗೆಯಲ್ಲಿ ನೋಡಿದಾಗ ನೀರು ಬಂಡೆಯ ಮೇಲೆ ಜನಿವಾರದಷ್ಟು ಇಳಿಯುತ್ತಿತ್ತು. ಮಳೆಗೆ ಕಾಯಬೇಕಾಯಿತು. ಹಗೇವಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚಿ ನಾನು ಜಗಲಿಯಲ್ಲಿ ಮೂರು ವಾರ ಕೂತೆ. ಪ್ಲೇಟು ಒಡೆದದ್ದು, ಕರಗಿದ್ದು, ಕೆಟ್ಟದ್ದು ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ಎರಡು.

ಮೃಗಶಿರ ಮಳೆ ಬೆಟ್ಟದಲ್ಲಿ ಚೆನ್ನಾಗಿ ಹುಯ್ದಿದೆ ಎಂದು ಸುದ್ದಿ ಬಂದ ದಿನ ಗಾಡಿ ಕಟ್ಟಿದೆವು. ತರೀಕೆರೆ ದಾಟಿ, ಲಿಂಗದಹಳ್ಳಿಯಲ್ಲಿ ತಂಗಿ, ಎರಡನೆಯ ದಿನ ಹೊತ್ತೇರುವಷ್ಟರಲ್ಲಿ ಕಲ್ಲತ್ತಿಗಿರಿ ಸೇರಿದೆವು. ದೂರದಿಂದಲೇ ಸದ್ದು ಕೇಳಿಸಿತು. ಬೇಸಿಗೆಯ ಆ ಜನಿವಾರ ಈಗ ಬಂಡೆಯ ಮೈಯನ್ನೇ ಮುಚ್ಚಿ ಗುಡಿಯ ಮಗ್ಗುಲಿಗೆ ಧುಮುಕುತ್ತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಮಾವನ ಪರದೆಯ ಮೇಲಿನ ನೀರು ಎಷ್ಟು ಸುಳ್ಳೆಂದು ಅವತ್ತು ತಿಳಿಯಿತು.

ಮೋಡ ಸರಿದು ಒಳ್ಳೆಯ ಬೆಳಕು ಬಿದ್ದ ಗಳಿಗೆಯಲ್ಲಿ ಮೊದಲ ಪ್ಲೇಟು ತೆಗೆದೆ. ಎಲ್ಲ ಎಣಿಸಿದ ಹಾಗೇ ನಡೆಯಿತು, ಇದಕ್ಕಿಂತ ಚೆನ್ನಾಗಿ ಬರಲು ಸಾಧ್ಯವೇ ಇಲ್ಲ ಎನಿಸಿತು. ಎರಡನೆಯದನ್ನು ಹೆಚ್ಚಿಗಿರಲಿ ಎಂದು ತೆಗೆಯುವಾಗ ಮರುಳಪ್ಪ ಕೆಲಸ ಮುಗಿಯಿತೆಂದುಕೊಂಡು ನೇರ ನೀರಿನ ಬುಡಕ್ಕೆ ಹೋಗಿ ಗುಡಿಯ ಕಡೆಗೆ ಕೈಮುಗಿದು ನಿಂತುಬಿಟ್ಟ. ಕೂಗಿದರೆ ನೀರಿನ ಸದ್ದಿನಲ್ಲಿ ಕೇಳಬೇಕಲ್ಲ. ಅಷ್ಟರಲ್ಲಿ ನಾನು ಕ್ಯಾಮೆರಾ ಕಣ್ಣಿನ ಮುಚ್ಚಳ ತೆಗೆದಾಗಿತ್ತು. ಎರಡನೆಯ ಪ್ಲೇಟು ಕೆಟ್ಟಿತೆಂದು ಅಲ್ಲೇ ತೀರ್ಮಾನಿಸಿ, ದಾರಿಯುದ್ದಕ್ಕೂ ಅವನಿಗೆ ಬೈದೆ. ಅವನು ಎತ್ತುಗಳ ಜೊತೆ ಮಾತಾಡುತ್ತಾ ಗಾಡಿ ಹೊಡೆದ.

ಅಜ್ಜಂಪುರಕ್ಕೆ ಬಂದಾಗ ನಡುಹಗಲು. ಈರವ್ವ ಹೊಲದ ಕಡೆ ಹೋಗಿದ್ದಳು. ಆಕೆ ಬರುವವರೆಗೆ ಕಾಯುವ ತಾಳ್ಮೆ ನನಗೆಲ್ಲಿ? ಆತುರಗಾರನಿಗೆ ಬುದ್ಧಿ ಮಟ್ಟ. ಮರುಳಪ್ಪನ ಕೈಲಿ ಚಪ್ಪಡಿ ತೆಗೆಸಿದೆ. ದೀಪ ಬಿಟ್ಟೆವು. ಆದರೆ ಉದ್ದ ಹಗ್ಗ ಗಾಡಿಯಲ್ಲಿ ಸಾಮಾನಿಗೆ ಬಿಗಿದಿತ್ತು, ಕೈಗೆ ಸಿಕ್ಕ ಗಿಡ್ಡ ಹಗ್ಗಕ್ಕೆ ಕಟ್ಟಿ ಅರ್ಧದವರೆಗೆ ಇಳಿಸಿದೆವು. ದೀಪ ಉರಿಯಿತು. ಮರುಳಪ್ಪ ತಳ ಮುಟ್ಟಿಲ್ಲವಲ್ಲ ಎಂದು ಗೊಣಗಿದ. ಸಾಕು ಸುಮ್ಮನಿರಯ್ಯ ಎಂದೆ. ಉದ್ದ ಹಗ್ಗ ಬಿಚ್ಚಿ ತಂದದ್ದು ಆಮೇಲೆ, ನಾನು ಇಳಿಯಲಿಕ್ಕೆ! ದೀಪಕ್ಕೆ ಬೇಡವಾದ ಹಗ್ಗ ನನಗೆ ಬೇಕಾಯಿತು. ಒಳಗೆ ವಾಸನೆ ಎಂದಿನಂತಿರಲಿಲ್ಲ, ಒಂದಿಷ್ಟು ಹುಳಿಯಾಗಿತ್ತು. ಮಳೆಗಾಲವಲ್ಲವೇ ಎಂದುಕೊಂಡೆ.

ಮೇಲೆ ಕಂಬಳಿ ಬಿತ್ತು. ಒಳ್ಳೆಯದೆಂದು ನಂಬಿದ ಮೊದಲ ಪ್ಲೇಟನ್ನೇ ಮೊದಲು ತಟ್ಟೆಗೆ ಹಾಕಿ ಗಟ್ಟಿಯಾಗಿ ಎಣಿಸತೊಡಗಿದೆ. ನೂರು ದಾಟುವಷ್ಟರಲ್ಲಿ ಮೇಲೆ ಈರವ್ವನ ದನಿ ಕೇಳಿಸಿತು, ಹೊಲದಿಂದ ಬಂದಿದ್ದಳು. ಇನ್ನೂರರ ಹತ್ತಿರ ನೀರು ಮೂಡಿತು. ಗಾಜಿನ ಮೇಲೆ ಎಲ್ಲ ತಿರುವುಮುರುವು, ಬಿಳಿ ನೀರು ಕಪ್ಪಗೆ, ಕಪ್ಪು ಬಂಡೆ ಬೆಳ್ಳಗೆ. ಬಂಡೆಯ ನೆತ್ತಿಯಿಂದ ಹೊರಟ ಒಂದೊಂದು ಎಳೆಯೂ ಬೇರೆಬೇರೆಯಾಗಿ ಕಂಡಿತು. ನನ್ನ ಬಾಯಿ ನಿಂತಿತು. ಅಂಥ ಚಿತ್ರ ಆಮೇಲೆ ಈ ಇಪ್ಪತ್ತೇಳು ವರ್ಷದಲ್ಲಿ ನನ್ನ ಕೈಯಿಂದ ಬಂದಿಲ್ಲ.

"ಇದ್ದೀಯೇನಪ್ಪಾ?"

ಉತ್ತರ ಕೊಟ್ಟರೆ ಮನಸ್ಸಿನೊಳಗೆ ನಡೆಯುತ್ತಿದ್ದ ಎಣಿಕೆ ತಪ್ಪುತ್ತದೆ. ಕೊಡಲಿಲ್ಲ. ಅದೇ ಹೊತ್ತಿಗೆ ಕಾಲಬುಡದ ಲಾಂದ್ರ ಮಂಕಾಯಿತು, ಕುಗ್ಗಿತು, ನಂದಿಹೋಯಿತು. ಎಣ್ಣೆ ಮುಗಿಯಿತೆಂದು ಮನಸ್ಸಿನಲ್ಲೇ ಬೈದುಕೊಂಡೆ. ತಲೆ ಸ್ವಲ್ಪ ಭಾರವಾಗಿತ್ತು, ಉಸಿರು ಮೇಲೆಮೇಲೆ ಬರುತ್ತಿತ್ತು. ಅದೆಲ್ಲ ಸಂತೋಷದ ಉದ್ವೇಗವೆಂದೇ ತಿಳಿದೆ. ಮೇಲಿಂದ ಎರಡನೆಯ ಸಲ ಕೂಗು ಬಂತು. ಈ ಹೆಂಗಸು ಒಂದು ಗಳಿಗೆ ಸುಮ್ಮನಿರುವುದಿಲ್ಲವಲ್ಲ ಎಂದು ಹಲ್ಲು ಕಚ್ಚಿದೆ. ಮೂಡಿದ ಚಿತ್ರವನ್ನು ಗಟ್ಟಿಮಾಡುವ ಔಷಧವಿದ್ದ ಇನ್ನೊಂದು ತಟ್ಟೆಗೆ ಪ್ಲೇಟನ್ನು ಹಾಕುವವರೆಗೆ ಎಲ್ಲವೂ ಕತ್ತಲಲ್ಲೇ ನಡೆಯಬೇಕು, ಆಮೇಲೆ ಉತ್ತರ ಕೊಟ್ಟರಾಯಿತು. ಅಷ್ಟರೊಳಗೆ ದೀಪ ಹತ್ತಿಸಿಕೊಳ್ಳೋಣ, ಬೆಂಕಿಪೊಟ್ಟಣ ಲಾಂದ್ರದ ಪಕ್ಕದಲ್ಲೇ ನೆಲದ ಮೇಲಿದೆ ಎಂದು ಮೊಣಕಾಲು ಮಡಿಸಿ ಕೂರಲು ಬಗ್ಗಿದೆ.

ಮೂರನೆಯ ಕೂಗು ಬರಲಿಲ್ಲ. ಕಂಬಳಿ ಸರ್ರನೆ ಸರಿದು ಹಾಡುಹಗಲಿನ ಬೆಳಕು ಹಗೇವಿನೊಳಗೆ ಸುರಿಯಿತು. ತಟ್ಟೆಯಲ್ಲಿದ್ದ ಕಲ್ಲತ್ತಿಗಿರಿ ನನ್ನ ಕಣ್ಣೆದುರೇ ಕಪ್ಪಾಗಿ, ನೀರೂ ಬಂಡೆಯೂ ಒಂದಾಗಿ ಮಸಿಯಾಗಿಹೋಯಿತು.

ನಾನು ಏನೇನು ಕಿರುಚಿದೆನೋ! ಮುಚ್ಚಿ, ಮುಚ್ಚಿ ಎಂದೆ. ಮೇಲಿಂದ ಒಂದೇ ಮಾತು: "ಹಗ್ಗ ಹಿಡ್ಕೊ." ಮರುಳಪ್ಪ ನನ್ನನ್ನು ಎಳೆದು ನೆಲದ ಮೇಲೆ ಹಾಕಿದ. ಎದ್ದು ನಿಂತವನು ಅನ್ನ ಹಾಕಿದ ಮನೆಯೊಡತಿಯನ್ನು ಬಾಯಿಗೆ ಬಂದಂತೆ ಬೈದೆ. ಮೂರು ತಿಂಗಳ ದುಡಿಮೆ ಮಣ್ಣುಪಾಲಾಯಿತು, ನಾನು ಚೆನ್ನಾಗಿಯೇ ಇದ್ದೆ, ಹಳ್ಳಿಯ ಹೆದರಿಕೆಗೆ ನನ್ನ ಬದುಕು ಹಾಳುಮಾಡಿದಿರಿ ಎಂದೆ. ನನ್ನ ಬೈಗುಳ ಮುಗಿದ ಮೇಲೆ ಆಕೆ ಮಗನಿಗೆ ಬುಡ್ಡಿದೀಪವನ್ನು ಉದ್ದ ಹಗ್ಗಕ್ಕೆ ಕಟ್ಟೆಂದಳು.

ದೀಪ ಇಳಿಯಿತು. ಅರ್ಧದವರೆಗೆ ಉರಿಯಿತು. ತಟ್ಟೆಗಳಿದ್ದ ಪೆಟ್ಟಿಗೆಯ ಮಟ್ಟಕ್ಕೆ ಬಂದಾಗ ಜ್ವಾಲೆ ಸಣ್ಣಗಾಯಿತು. ಇನ್ನೊಂದು ಗೇಣು ಇಳಿದದ್ದೇ ತಡ, ಯಾರೋ ಬೆರಳಿನಿಂದ ಚಿವುಟಿದ ಹಾಗೆ ನಂದಿತು. ಬತ್ತಿ ಸರಿಯಿಲ್ಲ ಎಂದೆ, ನನ್ನ ದನಿ ನನಗೇ ಕ್ಷೀಣವಾಗಿ ಕೇಳಿಸಿತು. ಈರವ್ವ ಬತ್ತಿ ಬದಲಿಸಿ ಮತ್ತೆ ಹತ್ತಿಸಿದಳು. ಮತ್ತೆ ಅದೇ ಜಾಗದಲ್ಲಿ ನಂದಿತು. ಅದು ನನ್ನ ಮೊಣಕಾಲಿನ ಮಟ್ಟ. ನಿಂತಿದ್ದಾಗ ನನ್ನ ಮೂಗು ಅದರ ಮೇಲಿತ್ತು, ಕೂತು ನೆಲಕ್ಕೆ ಬಗ್ಗಿದ್ದರೆ ಅದರೊಳಗಿರುತ್ತಿತ್ತು. ಒಂದು ಕ್ಷಣ ತಡವಾಗಿದ್ದರೆ ಬೆಂಕಿಪೊಟ್ಟಣ ಹುಡುಕುತ್ತಾ ಅಲ್ಲೇ ಮಲಗಿಬಿಡುತ್ತಿದ್ದೆ. ಇದು ತಲೆಗೆ ಹತ್ತಿದಾಗ ಹಗೇವಿನ ದಂಡೆಯ ಮೇಲೆ ಕೂತುಬಿಟ್ಟೆ.

ಈರವ್ವ ಬಾಯಿಯ ಹತ್ತಿರ ಬಗ್ಗಿ ಮೂಸಿದಳು. "ನಿಜ ಹೇಳು. ಒಳಗೆ ನೀರು ಚೆಲ್ಲಿದ್ಯಾ?"

ಹೌದು ಎಂದೆ. ಎಷ್ಟು ದಿನದಿಂದ ಎಂಬುದನ್ನೂ ಹೇಳಿದೆ. ನೆನೆದ ಹುಲ್ಲು ಮೂರು ವಾರ ಚಪ್ಪಡಿಯ ಕೆಳಗೆ ಕೊಳೆತು ಆ ಗಾಳಿ ಹುಟ್ಟಿಸಿತ್ತು. ನಾನು ಇಳಿದಾಗ ಕಲಕಿದ್ದ ಅದು ಕಂಬಳಿ ಬಿದ್ದ ಮೇಲೆ ಮತ್ತೆ ತಳದಲ್ಲಿ ಮಡುಗಟ್ಟಿತ್ತು, ಲಾಂದ್ರ ಅಷ್ಟು ಹೊತ್ತಾದರೂ ಉರಿದದ್ದು ಅದಕ್ಕೇ. ಆಕೆ ಬೈಯುತ್ತಾಳೆಂದು ತಲೆ ತಗ್ಗಿಸಿದೆ, ಬೈಸಿಕೊಳ್ಳಬೇಕೆಂಬ ಆಸೆಯೂ ಇತ್ತು. ಆಕೆ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು.

"ಪಟ ಹೋದ್ರೆ ಹೋಯ್ತು ಬಿಡು. ಬದುಕಿದ್ರೆ ಬೇಡ್ಕೊಂಡಾದ್ರೂ ತಿನ್ಬೌದು" ಎಂದು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಆ ಪಟಕ್ಕಾಗಿ ನನಗಿಂತ ಹೆಚ್ಚು ಕಾದಿದ್ದವಳು ಆಕೆ ಎಂಬುದು ಮಜ್ಜಿಗೆ ಕುಡಿಯುವಾಗ ನೆನಪಾಯಿತು.

ಸಂಜೆ ಕೊಟ್ಟಿಗೆಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಾ ಮರುಳಪ್ಪ ಹೇಳಿದ. ಈರವ್ವನಿಗೆ ಒಬ್ಬ ತಮ್ಮನಿದ್ದನಂತೆ, ಭಾರೀ ತಮಾಷೆಗಾರ. ಹಗೇವಿಗೆ ಇಳಿದಾಗಲೆಲ್ಲ ಅಕ್ಕ ಕೂಗಿದರೆ ಬೇಕೆಂದೇ ಉತ್ತರ ಕೊಡದೆ ಹೆದರಿಸುತ್ತಿದ್ದನಂತೆ. ಒಂದು ಸಲ ಆಕೆ ಮೂರು ಸಲ ಕೂಗಿ, ಇವನ ಆಟ ಗೊತ್ತಿದ್ದದ್ದೇ ಎಂದು ನಗುತ್ತಾ ಒಲೆಯ ಮೇಲಿನ ಅಡಿಗೆ ನೋಡಿ ಬರಲು ಹೋದಳು. ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಅವತ್ತಿಂದ ಅವ್ವ ಮೂರ್ನೇ ಸಲ ಕೂಗಲ್ಲ" ಎಂದ.

ಇನ್ನು ಉಳಿದದ್ದು ಎರಡನೆಯ ಪ್ಲೇಟು, ಮರುಳಪ್ಪ ಕೆಡಿಸಿದನೆಂದು ನಾನು ಬೈದದ್ದು. ಅದನ್ನು ತೊಳೆಯುವುದೆಲ್ಲಿ ಎಂದು ಮಾರನೆಯ ಬೆಳಿಗ್ಗೆ ತಲೆಕೆಡಿಸಿಕೊಂಡು ಕೂತಿದ್ದೆ. ಈರವ್ವ ನನ್ನ ಕೈಯನ್ನು ಹಿಡಿದುಕೊಂಡು ಹೋಗಿ ನೀರಿನ ಹಂಡೆಯಲ್ಲಿ ಅದ್ದಿದಳು. ಕೈ ಜುಮ್ಮೆಂದಿತು. ಮಳೆ ಹಿಡಿದು ವಾರಗಳಾಗಿದ್ದವು, ಊರಿನ ನೀರೆಲ್ಲ ತಣ್ಣಗಾಗಿತ್ತು. ಹಗೇವೇ ಬೇಕಾಗಿರಲಿಲ್ಲ! ರೂಢಿ ಬಿದ್ದ ಎತ್ತು ಗಾಣ ಸುತ್ತುವ ಹಾಗೆ ಸುತ್ತಿದ್ದೆ. ಆ ಬುದ್ಧಿಗೆ ಏನು ಹೇಳುವುದು?

ಕಾಳು ತುಂಬುವ ಒಳಕೋಣೆಗೆ ಕಂಬಳಿ ಕಟ್ಟಿ ಕೂತೆ. ಈರವ್ವ ಬಾಗಿಲಾಚೆ ಕೂತಳು. ಇಲ್ಲಿ ಯಾವ ಗಾಳಿಯ ಭಯವೂ ಇರಲಿಲ್ಲ, ಆದರೂ ಆಕೆ ಕೇಳಿದಳು, ನಾನು ಉತ್ತರ ಕೊಟ್ಟೆ. ನೀರು ಮೂಡಿತು, ಬಂಡೆ ಮೂಡಿತು, ಆಮೇಲೆ ಬುಡದಲ್ಲಿ ಒಂದು ಚಿಕ್ಕ ಆಕೃತಿ. ಕೈಮುಗಿದ ಮರುಳಪ್ಪ, ಒಂದು ಚೂರೂ ಅಲುಗದೆ, ಅಷ್ಟು ದೊಡ್ಡ ನೀರಿನ ಮುಂದೆ ಹೆಬ್ಬೆರಳಿನುಗುರಿನಷ್ಟು. ಹೊರಗೆ ಬಂದು ಗಾಜನ್ನು ಬೆಳಕಿಗೆ ಹಿಡಿದು ತೋರಿಸಿದೆ. ಈರವ್ವ ಬಹಳ ಹೊತ್ತು ನೋಡಿದಳು.

"ನೀರ್ಯಾಕಪ್ಪ ಕರ್ರಗೈತೆ? ನನ್ನ ಮಗ ಯಾವಾಗ ಇಷ್ಟು ಬೆಳ್ಳಗಾದ?" ಎಂದಳು. ಹಿಂದಿನ ದಿನದ ನಂತರ ಮೂವರೂ ನಕ್ಕದ್ದು ಅದೇ ಮೊದಲು, ನನಗೆ ನಕ್ಕೂ ನಕ್ಕೂ ಅಳು ಬಂದಿತು. ಆಮೇಲೆ ಸರಿಯಾದ ಬಣ್ಣದಲ್ಲಿ ಕಾಗದಕ್ಕಿಳಿಸಿದ ಮೊದಲ ಪ್ರತಿ ಆಕೆಯ ದೇವರ ಗೂಡಿಗೆ ಹೋಯಿತು. ಹೊರಡುವ ಮುಂಚೆ ನಾನೂ ಮರುಳಪ್ಪನೂ ಹಗೇವಿನ ಕೊಳೆತ ಹುಲ್ಲನ್ನೆಲ್ಲ ಕೊಕ್ಕೆಯಿಂದ ಮೇಲೆಳೆದು ಹಾಕಿದೆವು. ಮುಂದಿನ ಬೇಸಿಗೆಯಲ್ಲಿ ಒಣಗಿಸಿ ಹೊಸ ಹುಲ್ಲು ಒತ್ತಿದರೆ ಸರಿಹೋಗುತ್ತದೆ ಎಂದು ಈರವ್ವ ಹೇಳಿದ ಮೇಲೆ ನನ್ನ ಎದೆಯ ಭಾರ ಇಳಿಯಿತು.

ಮೈಸೂರಿನಲ್ಲಿ ಆ ಅಧಿಕಾರಿ ಹನ್ನೊಂದು ಚಿತ್ರಗಳನ್ನು ಒಂದೊಂದಾಗಿ ತಿರುವಿಹಾಕಿದರು. ಹನ್ನೆರಡನೆಯದರ ಮುಂದೆ ನಿಂತರು. ಈ ಮನುಷ್ಯನನ್ನು ಯಾಕೆ ನಿಲ್ಲಿಸಿದಿರಿ ಎಂದು ಕೇಳುತ್ತಾರೆಂದುಕೊಂಡೆ. ಇವನು ಇರುವುದರಿಂದಲೇ ನೀರಿನ ಎತ್ತರ ತಿಳಿಯುತ್ತದೆ, ಉಳಿದವುಗಳಲ್ಲಿ ಯಾಕೆ ಯಾರನ್ನೂ ನಿಲ್ಲಿಸಲಿಲ್ಲ ಎಂದು ಕೇಳಿದರು. ಕೆಲಸ ಕಾಯಂ ಆಯಿತು. ಎದುರುಮನೆಯ ಹುಡುಗಿಯೂ ಒಪ್ಪಿದಳು. ನಾನು ಕತ್ತಲೆ ಕೋಣೆಯಲ್ಲಿ ಒಬ್ಬನೇ ಮಾತಾಡಿಕೊಳ್ಳುವುದನ್ನು ಕಂಡು ಮೊದಮೊದಲು ಹೆದರಿದ್ದಳು. ಕಥೆ ಹೇಳಿದ ಮೇಲೆ, ದನಿ ನಿಂತರೆ ಅವಳೇ ಬಾಗಿಲು ಬಡಿಯುತ್ತಾಳೆ.

ಈರವ್ವನ ಮನೆಗೆ ಮತ್ತೆ ಹೋಗಬೇಕೆಂದು ಎಷ್ಟೋ ಸಲ ಅಂದುಕೊಂಡೆ. ವರ್ಗ, ಮಕ್ಕಳು, ಕಾಯಿಲೆ, ಕಾರಣಕ್ಕೇನು ಬರ. ಕಳೆದ ತಿಂಗಳು ಆ ವಾಸನೆ ಬಂದಾಗ ಕೂಲಿಯವನನ್ನು ಶಾಲೆಗೆ ಕಳಿಸಿ, ಮೂಗು ಹೇಳಿದ ದಾರಿಯಲ್ಲೇ ಹೋದೆ. ಬಾಗಿಲು ತೆರೆದಿತ್ತು. ನಡುಮನೆಯ ಗೂಡಿನಲ್ಲಿ ಕಲ್ಲತ್ತಿಗಿರಿ ಹೊಗೆ ಹಿಡಿದು ಕಂದಾಗಿತ್ತು, ವಿಭೂತಿಯ ಬೆರಳು ಬಿದ್ದೂ ಬಿದ್ದೂ ನೀರಿನ ಮೇಲರ್ಧ ಅಳಿಸಿಹೋಗಿತ್ತು. ಮರುಳಪ್ಪ ಮಾತ್ರ ಬುಡದಲ್ಲಿ ನಿಂತೇ ಇದ್ದ. ಹಾಗೇ ಹಿತ್ತಿಲಿಗೆ ನಡೆದೆ.

ಹಗೇವು ತೆರೆದಿತ್ತು. ಪಕ್ಕದಲ್ಲಿ ಬುಡ್ಡಿದೀಪ, ಉದ್ದ ಹಗ್ಗದ ಸುರುಳಿ. ದಂಡೆಯ ಮೇಲೆ ಬೆನ್ನು ಬಾಗಿದ ಮುದುಕಿಯೊಬ್ಬಳು ನನ್ನ ಕಡೆ ಬೆನ್ನು ಮಾಡಿ ಕೂತಿದ್ದಳು. ಒಳಗೆ ಯಾರೋ ರಾಗಿ ಮೊಗೆಯುತ್ತಿದ್ದ ಸದ್ದು ಒಂದು ಗಳಿಗೆ ನಿಂತಿತು.

"ಇದ್ದೀಯೇನಪ್ಪಾ?" ಎಂದು ಆಕೆ ಕೂಗಿದಳು.

ನನಗೆ ಗೊತ್ತಿಲ್ಲದೆಯೇ ಬಾಯಿಂದ ಬಂದುಬಿಟ್ಟಿತು. "ಇದೀನವ್ವಾ."

ಮುದುಕಿ ತಟ್ಟನೆ ತಿರುಗಿದಳು. ಕಣ್ಣಿಗೆ ಪೊರೆ ಬಂದಿತ್ತು, ನಾನಿದ್ದ ಕಡೆಗೆ ಮುಖವೆತ್ತಿ ಕಿವಿಗೊಟ್ಟಳು. ಒಳಗಿಂದ ಮರುಳಪ್ಪನ ದಪ್ಪ ದನಿ, ನಾನೂ ಇದೀನಿ ಕಣವ್ವಾ ಎಂದಿತು. ಆಕೆ ಅದಕ್ಕೆ ಗಮನ ಕೊಡಲಿಲ್ಲ. ಕೈ ಚಾಚಿದಳು, ನಾನು ಹತ್ತಿರ ಹೋಗಿ ಕೂತೆ. ನನ್ನ ಮುಖವನ್ನು, ಹಣೆಯನ್ನು, ಬೆಳ್ಳಗಾದ ಮೀಸೆಯನ್ನು ನಿಧಾನವಾಗಿ ತಡವಿದಳು.

"ಪಟದಪ್ಪ ಅಲ್ವಾ ನೀನು?" ಎಂದಳು. "ಮ್ಯಾಲೇ ಇದೀಯಲ್ಲ. ಅಷ್ಟು ಸಾಕು ಬಿಡು."